ಗೂಢಪುರುಷರ ಇತಿಹಾಸವೂ ಮೂವರ ಸಾಕ್ಷ್ಯವೂ

ಅರಸರಿಗೆ ಚಾರರೇ ಕಣ್ಣುಗಳೆಂದು ನೀತಿಶಾಸ್ತ್ರಜ್ಞರು ಹೇಳುತ್ತ ಬಂದಿದ್ದಾರೆ. ಕಣ್ಣಿದ್ದ ಮಾತ್ರಕ್ಕೆ ಕಂಡದ್ದೆಲ್ಲವೂ ನಿಜವಾಗಲಾರದೆಂಬುದನ್ನೂ ಅವರು ಬಲ್ಲವರಾಗಿದ್ದರು. ಕಾಮಾಲೆಯಾದವನಿಗೆ ಲೋಕವೆಲ್ಲ ಹಳದಿಯಷ್ಟೆ. ಆದುದರಿಂದಲೇ ಕೌಟಿಲ್ಯನು ಗೂಢಪುರುಷರನ್ನು ನೇಮಿಸುವ ಬಗೆಯನ್ನು ವಿಧಿಸಿದಂತೆ ಅವರ ಮಾತನ್ನು ನಂಬುವ ಬಗೆಯನ್ನೂ ವಿಧಿಸಿದನು. ಒಬ್ಬರನ್ನೊಬ್ಬರು ಅರಿಯದ ಮೂವರು ತಂದ ಸುದ್ದಿಯು ಏಕವಾಕ್ಯವಾಗಿ ಕೂಡಿಬಂದರೆ ಅದು ನಂಬತಕ್ಕದ್ದು, ಅಲ್ಲದಿದ್ದರೆ ಇಲ್ಲ ಎಂಬುದೇ ಅವನ ಮತದ ಸಾರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳವರ ಕೈಗೆ ಬಂದು ೧೯೦೯ರಲ್ಲಿ ಅಚ್ಚಾಯಿತು. ಕಾಕತಾಳೀಯವೆಂಬಂತೆ ಅದೇ ೧೯೦೯ರ ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ ನಗರದಲ್ಲಿ ಬ್ರಿಟಿಷ್ ಸರಕಾರವು ಒಂದು ಗುಪ್ತ ಕಚೇರಿಯನ್ನು ತೆರೆಯಿತು. ಅದರ ಎರಡು ಕವಲುಗಳಲ್ಲಿ ಹೊರದೇಶಗಳನ್ನು ನೋಡತಕ್ಕ ಕವಲು ಒಂದು. ಸ್ವದೇಶದೊಳಗಣ ಪರಕೀಯ ಚಾರರನ್ನು ಕಂಡುಹಿಡಿಯತಕ್ಕ ಕವಲು ಇನ್ನೊಂದು. ಈ ಎರಡನೆಯದೇ ಮುಂದೆ 'ಎಂ. ಐ. ೫' ಎಂಬ ಹೆಸರಿನಿಂದ ಲೋಕವಿಖ್ಯಾತವಾದುದು.

ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತೊಂದು ವರ್ಷಗಳಲ್ಲಿ ಈ ಸಂಸ್ಥೆಯು ಏನು ಮಾಡಿತು, ಏನನ್ನು ಕಂಡಿತು, ಯಾವುದನ್ನು ಕಾಣದೆ ಹೋಯಿತು ಎಂಬುದನ್ನು ತಿಳಿಯಬಯಸುವವರಿಗೆ ಈಗ ಎರಡು ಮುಖ್ಯ ಗ್ರಂಥಗಳು ದೊರೆಯುತ್ತವೆ. ಸಂಸ್ಥೆಯ ಅಧಿಕಾರಿಯೇ ಆಗಿದ್ದ ಜಾನ್ ಕರಿ ಎಂಬವರು ೧೯೪೬ರಲ್ಲಿ ಬರೆದು ಮುಗಿಸಿದ 'ದಿ ಸೆಕ್ಯುರಿಟಿ ಸರ್ವಿಸ್' ಎಂಬುದು ಮೊದಲನೆಯದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಇತಿಹಾಸಾಧ್ಯಾಪಕರಾದ ಕ್ರಿಸ್ಟೊಫರ್ ಆಂಡ್ರೂ ಅವರು ಸಂಸ್ಥೆಯ ಶತಮಾನೋತ್ಸವಕ್ಕಾಗಿ ಅದರ ಅನುಜ್ಞೆಯಿಂದ ರಚಿಸಿ ೨೦೦೯ರಲ್ಲಿ ಪ್ರಕಟಿಸಿದ 'ದಿ ಡಿಫೆನ್ಸ್ ಆಫ್ ದಿ ರೆಲ್ಮ್' ಎಂಬುದು ಎರಡನೆಯದು. ಇವೆರಡನ್ನೂ ಕೌಟಿಲ್ಯನ ತಕ್ಕಡಿಯಲ್ಲಿಟ್ಟು ತೂಗಿದರೆ ತೂಕವೆಷ್ಟು ಬಂದೀತೆಂಬುದು ಈ ಲೇಖನದ ವಿಚಾರ.

ಮೊದಲು ಇತಿಹಾಸದ ಹಂದರವನ್ನು ಹೇಳುವುದು ಯುಕ್ತ. ಸಂಸ್ಥೆಯ ಸ್ಥಾಪಕರಾದ ವರ್ನನ್ ಕೆಲ್ ಎಂಬ ಸೇನಾಧಿಕಾರಿಗಳು ೧೯೦೯ರಿಂದ ೧೯೪೦ರ ವರೆಗೆ ಎಡೆಬಿಡದೆ ಅದರ ಮುಖ್ಯಸ್ಥರಾಗಿದ್ದರು. ೧೯೧೮ರಲ್ಲಿ ಮೊದಲ ಮಹಾಯುದ್ಧವು ಮುಗಿದಾಗ ಅವರ ಕೈಕೆಳಗೆ ಎಂಟುನೂರಕ್ಕೂ ಮಿಕ್ಕಿ ಸಿಬ್ಬಂದಿಯಿದ್ದಿತು. ಶಾಂತಿಯು ಬಂದೊಡನೆ ಬೊಕ್ಕಸದವರ ಕತ್ತರಿಯೂ ಬಂದಿತು. ಮುಂದಿನ ಹತ್ತು ವರ್ಷಗಳೊಳಗಾಗಿ ಆ ಎಂಟುನೂರು ಕೆಲವೇ ಹತ್ತುಗಳಿಗೆ ಇಳಿಯಿತು. ಸಂಸ್ಥೆಗೆ ಯಾರನ್ನೂ ಬಂಧಿಸುವ ಅಧಿಕಾರವಿರಲಿಲ್ಲ. ಬಂಧಿಸಬೇಕಾದರೆ ಪೊಲೀಸರ ಮೊರೆಹೊಗಬೇಕು. ಅದರ ನಿಜವಾದ ಬಲವೆಂದರೆ ದಫ್ತರ: ಹೆಚ್ಚಾಗಿ ಸ್ತ್ರೀಯರೇ ನಡೆಯಿಸುತ್ತಿದ್ದ ಕಾರ್ಡುಗಳ ಸಾಲುಗಳು, ಹೆಸರು ಹೆಸರಿಗೂ ಒಂದೊಂದು ಕಡತ. ಆ ಕಡತಗಳಿಗೆ ಮೇವು ಅಂಚೆಮನೆಯಿಂದ ಬರುತ್ತಿತ್ತು. ಗೃಹಮಂತ್ರಿಯು ರುಜುಹಾಕಿದ ಆಜ್ಞಾಪತ್ರವಿದ್ದರೆ ಯಾರ ಕಾಗದವನ್ನಾದರೂ ಅಂಚೆಮನೆಯಲ್ಲಿ ಹಬೆ ಹಿಡಿದು ಬಿಚ್ಚಿ, ಪ್ರತಿ ತೆಗೆದು, ಮತ್ತೆ ಅಂಟಿಸಿ ಕಳುಹಿಸುವರು. ಸಂಸ್ಥೆಯ ಅಸ್ತಿತ್ವಕ್ಕೆ ಪಾರ್ಲಿಮೆಂಟಿನ ಶಾಸನವೆಂಬುದು ದೊರೆತದ್ದು ೧೯೮೯ರಲ್ಲಿ. ಅಷ್ಟರ ವರೆಗೆ ಎಂಬತ್ತು ವರ್ಷಗಳ ಕಾಲ ಅದು ಶಾಸನದ ಬೆಳಕು ಕಾಣದ ಮನೆಯಾಗಿಯೇ ಉಳಿದಿತ್ತು.

ಇಂಥ ಮನೆಯ ಇತಿಹಾಸವನ್ನು ಆ ಮನೆಯವರೇ ಬರೆದರೆ ಹೇಗಿರುವುದು? ಕರಿ ಅವರ ಗ್ರಂಥವು ಇದಕ್ಕೆ ಉತ್ತರ. ಅವರು ಭಾರತದ ಪೊಲೀಸು ಇಲಾಖೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿ, ೧೯೩೨ರಲ್ಲಿ 'ದಿ ಇಂಡಿಯನ್ ಪೊಲೀಸ್' ಎಂಬ ಪುಸ್ತಕವನ್ನು ಪ್ರಕಟಿಸಿ, ೧೯೩೪ರಲ್ಲಿ ಎಂ. ಐ. ೫ಕ್ಕೆ ಸೇರಿದವರು. ಅವರ ಇತಿಹಾಸವು ಮುದ್ರಣಕ್ಕೆಂದು ಹುಟ್ಟಿದ್ದಲ್ಲ. ಮೇಲಧಿಕಾರಿಗಳ ಕಣ್ಣಿಗೆ ಮಾತ್ರ ಬೀಳತಕ್ಕ ವರದಿಯಾಗಿ ಹುಟ್ಟಿ, ಐವತ್ತು ವರ್ಷಗಳಿಗೂ ಮೀರಿ ಬೀಗದ ಹಿಂದಿದ್ದು, ೧೯೯೯ರಲ್ಲಿ ಹೊರಬಂದಿತು. ಹೊಗಳಿಕೆಯ ಪ್ರಲೋಭನೆಯಿಲ್ಲದುದರಿಂದ ಅದರ ಶೈಲಿಯು ಒಣಗಿದ್ದರೂ ಮಾತು ನೇರವಾಗಿದೆ. ೧೯೩೯ರಲ್ಲಿ ಯುದ್ಧವು ಆರಂಭವಾದಾಗ ಜರ್ಮನಿಯ ಗುಪ್ತಸೇವೆಯ ರಚನೆಯ ವಿಷಯದಲ್ಲಿ ತಮ್ಮ ಸಂಸ್ಥೆಗಿದ್ದ ಜ್ಞಾನವು ಅತ್ಯಲ್ಪವಾಗಿತ್ತೆಂದು ಅವರು ಒಪ್ಪಿಕೊಳ್ಳುತ್ತಾರೆ. ಸ್ವಪಕ್ಷದ ದೋಷವನ್ನು ಇಷ್ಟು ಬಿಚ್ಚಿ ಹೇಳುವ ಸರಕಾರಿ ಬರಹ ವಿರಳ.

ಆದರೆ ದೀಪದ ಬುಡದಲ್ಲಿ ಕತ್ತಲೆಂಬ ಗಾದೆಗೆ ಇದೇ ಗ್ರಂಥವು ನಿದರ್ಶನವೂ ಆಗಿದೆ. ೧೯೩೦ರ ದಶಕದ ನಡುವಿನಲ್ಲಿ ಕೇಂಬ್ರಿಜಿನ ಕುಲೀನ ತರುಣರು ಕೆಲವರು ಸೋವಿಯತ್ ಗುಪ್ತಸೇವೆಗೆ ಸೇರಿದರು. ಫಿಲ್ಬಿ, ಮ್ಯಾಕ್ಲೀನ್, ಬರ್ಜೆಸ್, ಬ್ಲಂಟ್, ಕೇರ್ನ್‌ಕ್ರಾಸ್ ಎಂಬ ಐವರ ಹೆಸರು ಇಂದು ಶಾಲೆಯ ಹುಡುಗರಿಗೂ ತಿಳಿದಿದೆ. ಇವರಲ್ಲಿ ಆಂಥನಿ ಬ್ಲಂಟ್ ೧೯೪೦ರಲ್ಲಿ ಎಂ. ಐ. ೫ರೊಳಕ್ಕೇ ಪ್ರವೇಶ ಪಡೆದು ಯುದ್ಧ ಮುಗಿಯುವ ವರೆಗೂ ಅಲ್ಲಿದ್ದನು. ಕರಿ ಅವರು ತಮ್ಮ ಇತಿಹಾಸವನ್ನು ಬರೆದದ್ದು ಅವನು ಓಡಾಡಿದ ಮನೆಯಲ್ಲಿಯೇ. ಆದರೆ ಅವನ ನಿಜಸ್ವರೂಪವು ಅವರಿಗೆ ತಿಳಿದಿರಲಿಲ್ಲ. ಅದು ಲೋಕಕ್ಕೆ ಪ್ರಕಟವಾದದ್ದು ೧೯೭೯ರಲ್ಲಿ. ಗೂಢಪುರುಷನ ಇತಿಹಾಸವನ್ನು ಬರೆಯುವವನು ತನ್ನ ಪಕ್ಕದ ಕುರ್ಚಿಯ ಗೂಢಪುರುಷನನ್ನೇ ಅರಿಯನೆಂದ ಮೇಲೆ, ಅವನ ಪ್ರಾಮಾಣಿಕತೆಯು ಎಷ್ಟೇ ನಿಷ್ಕಳಂಕವಾಗಿರಲಿ, ಅವನ ಸಾಕ್ಷ್ಯಕ್ಕೆ ಒಂದು ಎಲ್ಲೆಯಿರುವುದು ಸ್ಪಷ್ಟ.

ಆಂಡ್ರೂ ಅವರ ಗ್ರಂಥವು ಗಾತ್ರದಲ್ಲಿಯೂ ಗುಣದಲ್ಲಿಯೂ ಬೇರೆಯದು. ಸಾವಿರಕ್ಕೂ ಮಿಕ್ಕ ಪುಟಗಳು. ಸುಮಾರು ನಾಲ್ಕು ಲಕ್ಷ ಕಡತಗಳ ಭಂಡಾರದಲ್ಲಿ ಪ್ರವೇಶ ಪಡೆದು ಮಾಡಿದ ಪರಿಶ್ರಮ. ಹಾಸ್ಯದ ಲೇಪವುಳ್ಳ ಹದವಾದ ಗದ್ಯ. ಎರಡು ಯುದ್ಧಗಳ ನಡುವಣ ಭಾಗದಲ್ಲಿ ಅವರ ವಿವೇಚನೆಯು ಅನೇಕ ಕಡೆ ಶ್ಲಾಘನೀಯವಾಗಿದೆ. ೧೯೨೪ರ ಜಿನೋವಿಯೆವ್ ಪತ್ರದ ಪ್ರಕರಣವನ್ನು ನೋಡಬಹುದು. ಬ್ರಿಟನ್ನಿನ ಮೊದಲ ಲೇಬರ್ ಸರಕಾರವು ಚುನಾವಣೆಯನ್ನು ಎದುರಿಸುತ್ತಿರಲು, ಮತದಾನಕ್ಕೆ ನಾಲ್ಕು ದಿನಗಳ ಮುಂಚೆ, ಅಕ್ಟೋಬರ್ ೨೫ರಂದು, ಮಾಸ್ಕೋವಿನಿಂದ ಬಂದುದೆನ್ನಲಾದ ಒಂದು ಕಾಗದವನ್ನು 'ಡೈಲಿ ಮೇಲ್' ಪತ್ರಿಕೆಯು ಪ್ರಕಟಿಸಿತು. ಬ್ರಿಟಿಷ್ ಕಮ್ಯೂನಿಸ್ಟರನ್ನು ದಂಗೆಗೆ ಪ್ರೇರಿಸುವಂತಿದ್ದ ಆ ಕಾಗದವು ಕೂಟಲೇಖವೆಂಬುದು ಇಂದು ಬಹುಮಟ್ಟಿಗೆ ಸರ್ವಸಮ್ಮತ. ಅದು ಪತ್ರಿಕೆಗೆ ಸೋರಿಹೋದದ್ದು ಯಾರಿಂದ ಎಂಬ ಪ್ರಶ್ನೆ ಬಂದಾಗ, ಎಂ. ಐ. ೫ರ ಅಧಿಕಾರಿಯಾಗಿದ್ದು ೧೯೨೭ರಲ್ಲಿ ಕನ್ಸರ್ವೇಟಿವ್ ಪಕ್ಷದ ಕಚೇರಿಯನ್ನು ಸೇರಿದ ಜೋಸೆಫ್ ಬಾಲ್ ಎಂಬವರ ಮೇಲಣ ಸಂಶಯವನ್ನು ಆಂಡ್ರೂ ಅವರು ಮುಚ್ಚಿಡುವುದಿಲ್ಲ. ಅನುಜ್ಞೆ ಪಡೆದ ಇತಿಹಾಸಕಾರನ ಲೇಖನಿಯಿಂದ ಇದು ಬಂದಿರುವುದು ಸಣ್ಣ ಸಂಗತಿಯಲ್ಲ.

೧೯೨೭ರ ಮೇ ತಿಂಗಳ ಆರ್ಕೋಸ್ ಪ್ರಕರಣದ ಪಾಠವೂ ಸ್ವಾರಸ್ಯವಾದದ್ದು. ಲಂಡನ್ನಿನಲ್ಲಿದ್ದ ಸೋವಿಯತ್ ವ್ಯಾಪಾರಸಂಸ್ಥೆಯ ಮೇಲೆ ೧೨ನೆಯ ತಾರೀಖು ಪೊಲೀಸರು ದಾಳಿಯಿಟ್ಟರು. ಹುಡುಕಿದ ಸೇನಾಪತ್ರವು ಸಿಕ್ಕಲಿಲ್ಲ. ರಷ್ಯದೊಡನೆ ಸಂಬಂಧವನ್ನು ಕಡಿದುಕೊಳ್ಳಲು ಕಾರಣ ತೋರಿಸಲೇಬೇಕಾಗಿ ಬಂದ ಮಂತ್ರಿಗಳು, ತಮ್ಮವರು ಗುಟ್ಟಾಗಿ ಬಿಡಿಸಿ ಓದಿದ್ದ ಸೋವಿಯತ್ ತಂತಿಗಳನ್ನು ಪಾರ್ಲಿಮೆಂಟಿನಲ್ಲಿ ಬಹಿರಂಗವಾಗಿ ಓದಿದರು. ಮಾಸ್ಕೋವಿನವರು ಎಚ್ಚೆತ್ತು, ಬಿಡಿಸಲಾಗದ ಸಂಕೇತಕ್ರಮವನ್ನು ಹಿಡಿದರು. ಒಂದು ಹೊತ್ತಿನ ವಾದವನ್ನು ಗೆಲ್ಲಲು ಮಂತ್ರಿಗಳು ಬಹುಕಾಲದ ಕಣ್ಣೊಂದನ್ನು ತಾವೇ ಕುರುಡುಮಾಡಿಕೊಂಡರು. ಎರಡು ವರ್ಷಗಳ ತರುವಾಯ, ೧೯೨೯ರಲ್ಲಿ, ಇನ್ನೂ ಲಜ್ಜಾಸ್ಪದವಾದ ಸಂಗತಿಯೊಂದು ಬಯಲಾಯಿತು. ಕಮ್ಯೂನಿಸ್ಟರನ್ನು ಕಾಯುತ್ತಿದ್ದ ಸ್ಕಾಟ್ಲೆಂಡ್ ಯಾರ್ಡಿನ ವಿಶೇಷ ಶಾಖೆಯ ಅಧಿಕಾರಿಗಳಾದ ಗಿನ್ಹೋವೆನ್, ಜೇನ್ ಎಂಬ ಇಬ್ಬರು, ಒಬ್ಬ ಪತ್ರಕರ್ತನ ಮೂಲಕ ಸೋವಿಯತ್ ಪಕ್ಷಕ್ಕೆ ಸುದ್ದಿಯನ್ನು ಮುಟ್ಟಿಸುತ್ತಿದ್ದರು. ಎರಡು ಕಡೆಯ ಸಂಬಳವನ್ನು ಉಣ್ಣುವ ಇಂಥವರನ್ನು ಕೌಟಿಲ್ಯನು 'ಉಭಯವೇತನ'ರೆಂದು ಕರೆದಿದ್ದಾನೆ. ಅವರನ್ನು ಕೆಲಸದಿಂದ ತೆಗೆದುಹಾಕಿದರೇ ಹೊರತು ನ್ಯಾಯಸ್ಥಾನಕ್ಕೆ ಎಳೆಯಲಿಲ್ಲ. ಎಳೆದರೆ ಗುಟ್ಟು ರಟ್ಟಾಗುವುದೆಂಬ ಭಯ. ಈ ಆಘಾತದ ಫಲವಾಗಿ ೧೯೩೧ರಲ್ಲಿ ಕಮ್ಯೂನಿಸ್ಟರನ್ನು ಕಾಯುವ ಹೊಣೆಯು ಪೊಲೀಸರಿಂದ ಕೆಲ್ ಅವರ ಸಂಸ್ಥೆಗೆ ಬಂದು, 'ಸೆಕ್ಯುರಿಟಿ ಸರ್ವಿಸ್' ಎಂಬ ಹೆಸರು ನಿಂತಿತು.

ಈ ಹೊಸ ಹೊಣೆಯಲ್ಲಿ ಸಂಸ್ಥೆಯು ಪಡೆದ ಜಯದ ಕಥೆಯನ್ನು ಆಂಡ್ರೂ ಅವರು ಚೆನ್ನಾಗಿ ಹೇಳಿದ್ದಾರೆ. ಓಲ್ಗಾ ಗ್ರೇ ಎಂಬ ತರುಣಿಯು ಸಂಸ್ಥೆಯ ಪ್ರೇರಣೆಯಿಂದ ೧೯೩೧ರಲ್ಲಿ ಕಮ್ಯೂನಿಸ್ಟರ ಬಳಗಕ್ಕೆ ಸೇರಿ, ಬೆರಳಚ್ಚು ಕೆಲಸ ಮಾಡುತ್ತ, ವರ್ಷಗಟ್ಟಲೆ ಕಾದು, ಅವರ ಪೂರ್ಣವಿಶ್ವಾಸಕ್ಕೆ ಪಾತ್ರಳಾದಳು. ೧೯೩೪ರಲ್ಲಿ ಪಕ್ಷದವರು ಹಣವನ್ನೂ ಆದೇಶಗಳನ್ನೂ ಕೊಟ್ಟು ಆಕೆಯನ್ನೇ ಭಾರತಕ್ಕೆ ಕಳುಹಿಸಿದರು. ಕೊನೆಗೆ ವುಲ್ವಿಚ್ ಶಸ್ತ್ರಾಗಾರದಿಂದ ನಕ್ಷೆಗಳನ್ನು ಕದಿಸುತ್ತಿದ್ದ ಪರ್ಸಿ ಗ್ಲೇಡಿಂಗ್ ಎಂಬವನು ಆಕೆಯ ಸುಳಿವಿನಿಂದಲೇ ಸಿಕ್ಕಿಬಿದ್ದು, ೧೯೩೮ರಲ್ಲಿ ಆರು ವರ್ಷಗಳ ಸೆರೆಯನ್ನು ಪಡೆದನು. ಆಕೆಯು 'ಮಿಸ್ ಎಕ್ಸ್' ಎಂಬ ಹೆಸರಿನಿಂದ ನ್ಯಾಯಸ್ಥಾನದಲ್ಲಿ ಸಾಕ್ಷ್ಯ ನುಡಿದಳು. ಅರ್ಥಶಾಸ್ತ್ರದ ಭಿಕ್ಷುಕಿಯು ಅಂತಃಪುರಗಳನ್ನು ಹೊಗುತ್ತಿದ್ದಂತೆ ಈ ಬೆರಳಚ್ಚುಗಾತಿಯು ಪಕ್ಷದ ಒಳಮನೆಯನ್ನು ಹೊಕ್ಕಳೆನ್ನಬಹುದು.

ಇಷ್ಟೆಲ್ಲ ಗುಣಗಳಿದ್ದರೂ ಈ ಗ್ರಂಥದ ಅಡಿಟಿಪ್ಪಣಿಗಳಿಗೆ ಬಂದಾಗ ವಿವೇಚಕನಾದ ಓದುಗನು ನಿಲ್ಲಬೇಕಾಗುತ್ತದೆ. ಇತಿಹಾಸಗ್ರಂಥದಲ್ಲಿ ಅಡಿಟಿಪ್ಪಣಿಯೆಂಬುದು ಓದುಗನ ಕೈಗೆ ಕೊಡುವ ಬೀಗದ ಕೈ. ಸಂಶಯವಿದ್ದವನು ಹೋಗಿ ತೆಗೆದು ನೋಡಬಹುದು. ಇಲ್ಲಿ ಅನೇಕ ಟಿಪ್ಪಣಿಗಳು ಸಂಸ್ಥೆಯ ಸ್ವಂತ ದಫ್ತರವನ್ನು ತೋರಿಸುತ್ತವೆ. ಆ ದಫ್ತರಕ್ಕೆ ಬೇರೆ ಯಾರಿಗೂ ಪ್ರವೇಶವಿಲ್ಲ. ಬೀಗದ ಕೈಯಿದೆ, ಬಾಗಿಲಿಗೆ ಹೋಗುವ ದಾರಿಯಿಲ್ಲ. ೧೯೯೭ರಿಂದ ಈಚೆಗೆ ಸಂಸ್ಥೆಯು ಹಳೆಯ ಕಡತಗಳನ್ನು ಕಂತುಕಂತಾಗಿ ಸಾರ್ವಜನಿಕ ದಾಖಲೆಯ ಭಂಡಾರಕ್ಕೆ ಬಿಡುತ್ತಿರುವುದು ನಿಜ. ಬಿಡತಕ್ಕದ್ದು ಯಾವುದು, ಇಟ್ಟುಕೊಳ್ಳತಕ್ಕದ್ದು ಯಾವುದು ಎಂಬುದರಲ್ಲಿ ಮೊದಲ ಮಾತು ಅದರದೇ. ಇದಲ್ಲದೆ ೧೯೪೦ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳ ಬೆಂಕಿಯು ವರ್ಮ್‌ವುಡ್ ಸ್ಕ್ರಬ್ಸ್ ಸೆರೆಮನೆಯಲ್ಲಿ ಆಗ ಇರಿಸಿದ್ದ ದಫ್ತರಕ್ಕೆ ತಗುಲಿ ಕಾರ್ಡುಗಳೂ ಕಡತಗಳೂ ಬೆಂದುಹೋದವು. ಉಳಿದದ್ದರಲ್ಲಿ ಆರಿಸಿ, ಆರಿಸಿದ್ದರಲ್ಲಿ ತೋರಿಸಿ, ತೋರಿಸಿದ್ದನ್ನು ಬರೆದ ಇತಿಹಾಸವಿದು.

ಹೀಗಿರಲು ಕರಿ ಅವರ ಗ್ರಂಥವನ್ನೂ ಆಂಡ್ರೂ ಅವರ ಗ್ರಂಥವನ್ನೂ ಇಬ್ಬರು ಸಾಕ್ಷಿಗಳೆಂದು ಎಣಿಸುವುದು ನ್ಯಾಯವೆ? ಇಬ್ಬರೂ ಒಂದೇ ದಫ್ತರದ ನೀರನ್ನು ಕುಡಿದವರು. ಎರಡನೆಯವರು ಮೊದಲನೆಯವರನ್ನು ಓದಿ, ಒಪ್ಪಿ, ತಿದ್ದಿ ಬರೆದವರು. ಒಬ್ಬರನ್ನೊಬ್ಬರು ಅರಿಯದಿರುವುದು ಕೌಟಿಲ್ಯನ ನಿಯಮದ ಪ್ರಾಣ. ಆ ನಿಯಮದಂತೆ ಇವರಿಬ್ಬರೂ ಸೇರಿ ಒಬ್ಬ ಸಾಕ್ಷಿ. ಒಂದು ಬಾವಿಯಿಂದ ಎರಡು ಕೊಡ ಸೇದಿದರೆ ಬಾವಿ ಎರಡಾಗುವುದಿಲ್ಲ.

ಎರಡನೆಯ ಸಾಕ್ಷಿಯು ಎಲ್ಲಿ? ಕಾಯಲ್ಪಟ್ಟವರ ಕಡೆಯಲ್ಲಿ ಅದನ್ನು ಹುಡುಕಬೇಕು. ಅದೃಷ್ಟವಶಾತ್ ಅಂಥ ಒಬ್ಬನ ಆತ್ಮಕಥೆಯು ಇದೆ. ಅವನ ಬಾಳಿನ ಅನೇಕ ವರ್ಷಗಳು ಕನ್ನಡನಾಡಿನಲ್ಲಿಯೇ ಕಳೆದವು. ಫಿಲಿಪ್ ಸ್ಪ್ರಾಟ್ ಎಂಬ ಆ ಆಂಗ್ಲತರುಣನು ಕೇಂಬ್ರಿಜಿನ ಡೌನಿಂಗ್ ಕಾಲೇಜಿನಲ್ಲಿ ಓದಿ, ಕಮ್ಯೂನಿಸ್ಟನಾಗಿ, ೧೯೨೬ರ ಕೊನೆಯಲ್ಲಿ ಕಾರ್ಮಿಕಸಂಘಗಳನ್ನು ಕಟ್ಟಲೆಂದು ಭಾರತಕ್ಕೆ ಹೊರಟುಬಂದನು. ಅಷ್ಟು ಹೊತ್ತಿಗಾಗಲೇ 'ಇಂಡಿಯನ್ ಪೊಲಿಟಿಕಲ್ ಇಂಟೆಲಿಜೆನ್ಸ್' ಎಂಬ ಸಣ್ಣ ಕಚೇರಿಯೊಂದು ಲಂಡನ್ನಿನಲ್ಲಿ ಎಂ. ಐ. ೫ರ ಮಗ್ಗುಲಲ್ಲಿಯೇ ಕುಳಿತು, ಬ್ರಿಟನ್ನಿನಲ್ಲಿದ್ದ ಭಾರತೀಯರನ್ನೂ ಅವರ ಮಿತ್ರರನ್ನೂ ಕಾಯುತ್ತಿದ್ದಿತು. ಪಾರ್ಲಿಮೆಂಟಿನ ಸದಸ್ಯರಾಗಿದ್ದ ಶಾಪುರ್ಜಿ ಸಕ್ಲಾತ್ವಾಲಾ, ಇಂಡಿಯಾ ಲೀಗಿನ ವಿ. ಕೆ. ಕೃಷ್ಣ ಮೆನನ್ ಮುಂತಾದವರೂ ಈ ಕಾವಲಿನಿಂದ ಹೊರತಾಗಿರಲಿಲ್ಲ. ಸ್ಪ್ರಾಟನು ಊರಿಗೆ ಬರೆದ ಕಾಗದಗಳು ಸಂಕೇತಪದಗಳನ್ನು ಹೊದ್ದಿದ್ದರೂ ದಾರಿಯಲ್ಲಿ ತೆರೆಯಲ್ಪಟ್ಟವು. ೧೯೨೯ರ ಮಾರ್ಚ್ ೨೦ರಂದು ದೇಶದ ನಾನಾ ಭಾಗಗಳಲ್ಲಿ ಹಿಡಿಯಲ್ಪಟ್ಟ ಕಾರ್ಮಿಕನಾಯಕರೊಡನೆ ಅವನೂ ಮೀರತ್ ಪಿತೂರಿ ಮೊಕದ್ದಮೆಯ ಆಪಾದಿತನಾದನು.

ಮೀರತ್ ಮೊಕದ್ದಮೆಯು ನಾಲ್ಕು ವರ್ಷಗಳ ಸಮೀಪಕ್ಕೆ ನಡೆಯಿತು. ನ್ಯಾಯದರ್ಶಿಮಂಡಲಿಯಿಲ್ಲದೆ ವಿಚಾರಣೆ ನಡೆಸಲು ಅನುಕೂಲವೆಂದೇ ಆ ಊರನ್ನು ಆರಿಸಿದ್ದರು. ದಾರಿಯಲ್ಲಿ ಹಿಡಿದ ಕಾಗದಗಳು ಸಾಕ್ಷ್ಯದ ಮುಖ್ಯ ಭಾಗವಾಗಿದ್ದವು. ೧೯೩೩ರ ಜನವರಿಯಲ್ಲಿ ಸ್ಪ್ರಾಟನಿಗೆ ಹನ್ನೆರಡು ವರ್ಷಗಳ ದ್ವೀಪಾಂತರ ಶಿಕ್ಷೆಯಾಯಿತು. ಅದೇ ವರ್ಷ ಅಲಹಾಬಾದಿನ ಉಚ್ಚನ್ಯಾಯಾಲಯವು ಅದನ್ನು ಎರಡು ವರ್ಷಗಳಿಗೆ ಇಳಿಸಿತು. ಬಿಡುಗಡೆಯಾದ ಮೇಲೂ ಅವನನ್ನು ಬೆಳಗಾವಿಯ ಕೋಟೆಯಲ್ಲಿ ಇರಿಸಿದ್ದರು. ಆಮೇಲೆ ಅವನು ಕಮ್ಯೂನಿಸ್ಟ್ ಮತವನ್ನು ಬಿಟ್ಟು, ಬೆಂಗಳೂರಿನಲ್ಲಿ ನೆಲಸಿ, 'ಮೈಸಿಂಡಿಯಾ' ಎಂಬ ಪತ್ರಿಕೆಯನ್ನು ಸಂಪಾದಿಸುತ್ತ, ೧೯೫೫ರಲ್ಲಿ 'ಬ್ಲೋಯಿಂಗ್ ಅಪ್ ಇಂಡಿಯಾ' ಎಂಬ ಆತ್ಮಕಥೆಯನ್ನು ಪ್ರಕಟಿಸಿದನು. ೧೯೭೧ರಲ್ಲಿ ತೀರಿಕೊಂಡನು.

ಈ ಸಣ್ಣ ಪುಸ್ತಕದ ಬೆಲೆಯು ಎರಡು ಬಗೆಯದು. ಬರೆದವನು ಹಳೆಯ ಮತವನ್ನು ಬಿಟ್ಟವನು; ಆದುದರಿಂದ ಪಕ್ಷವನ್ನು ಕಾಪಾಡುವ ಹಂಗು ಅವನಿಗಿಲ್ಲ. ಆದರೂ ತನ್ನನ್ನು ಸೆರೆಗಟ್ಟಿದವರ ಜಾಣ್ಮೆಯನ್ನು ಅವನು ಮೆಚ್ಚಿ ಮಣಿಯುವುದೂ ಇಲ್ಲ. ಗುಟ್ಟುಗಳು ನ್ಯಾಯಸ್ಥಾನದಲ್ಲಿ ಬಯಲಾದಾಗ ಜನರು ಆಪಾದಿತರನ್ನು ಹೇಸುವುದಕ್ಕೆ ಬದಲಾಗಿ ಮೆಚ್ಚತೊಡಗಿದರೆಂಬುದು ಅವನ ಅನುಭವದ ಮಾತು. ದಫ್ತರದ ಲೆಕ್ಕದಲ್ಲಿ ಮೀರತ್ ಜಯ. ದೇಶದ ಲೆಕ್ಕದಲ್ಲಿ ಅದು ಕಮ್ಯೂನಿಸ್ಟ್ ಮತಕ್ಕೆ ಸರಕಾರವೇ ಖರ್ಚು ಮಾಡಿ ಕೊಡಿಸಿದ ಪ್ರಚಾರ. ಒಂದೇ ಸಂಗತಿಯು ಎರಡು ಕಣ್ಣುಗಳಿಗೆ ಹೀಗೆ ಎರಡಾಗಿ ತೋರುವುದು. ಆಂಡ್ರೂ ಅವರ ಮಹಾಗ್ರಂಥದಲ್ಲಿ ಎರಡು ಯುದ್ಧಗಳ ನಡುವಣ ಭಾರತಕ್ಕೆ ದೊರೆತ ಸ್ಥಳವು ಸ್ವಲ್ಪವೆಂಬುದನ್ನು ನೆನೆದಾಗ ಸ್ಪ್ರಾಟನ ಪುಸ್ತಕದ ಅಗತ್ಯವು ಇನ್ನೂ ಹೆಚ್ಚುವುದು.

ಮೂರನೆಯ ಸಾಕ್ಷಿಯೆಂದರೆ ಯಾರ ಕೈಯಿಂದಲೂ ಇತಿಹಾಸವೆಂದು ಬರೆಸಿಕೊಳ್ಳದ ಬಿಡಿ ದಾಖಲೆಗಳು: ಮೀರತ್ ನ್ಯಾಯಸ್ಥಾನದ ಬರಹಗಳು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಗ ಓದಲು ಸಿಕ್ಕುವ ಇಂಡಿಯನ್ ಪೊಲಿಟಿಕಲ್ ಇಂಟೆಲಿಜೆನ್ಸಿನ ಕಡತಗಳು. ಸಂಸ್ಥೆಯ ಇತಿಹಾಸ, ಕಾಯಲ್ಪಟ್ಟವನ ಆತ್ಮಕಥೆ, ಮೂಲದಾಖಲೆ ಈ ಮೂರೂ ಎಲ್ಲಿ ಏಕವಾಕ್ಯವಾಗುತ್ತವೆ? ಬಹಿರಂಗವಾಗಿ ಕಮ್ಯೂನಿಸ್ಟರೆಂದು ಹೇಳಿಕೊಂಡವರ ಕಾಗದಗಳನ್ನು ಬ್ರಿಟಿಷ್ ಗೂಢಪುರುಷರು ಬಹು ಚೆನ್ನಾಗಿ ಓದುತ್ತಿದ್ದರೆಂಬಲ್ಲಿ ಮೂರೂ ಒಂದೇ ಮಾತನ್ನು ನುಡಿಯುತ್ತವೆ. ಅಷ್ಟು ಮಾತ್ರ ನಿಸ್ಸಂದೇಹ.

ಈ ನಿಶ್ಚಿತವಾದ ಅಂಶದಿಂದಲೇ ಸಂಸ್ಥೆಯ ಮಹಾಪ್ರಮಾದವೂ ಅರ್ಥವಾಗುವುದು. ಸ್ಪ್ರಾಟನೂ ಕೇಂಬ್ರಿಜಿನವನು, ಫಿಲ್ಬಿಯೂ ಕೇಂಬ್ರಿಜಿನವನು. ತನ್ನ ಮತವನ್ನು ಮರೆಸದೆ ಸಂಘ ಕಟ್ಟಿದವನ ಅಂಚೆಯು ತೆರೆಯಲ್ಪಟ್ಟಿತು. ಅವನು ಸೆರೆಮನೆಗೆ ಹೋದನು. ತನ್ನ ಮತವನ್ನು ಮರೆಸಿ ಕುಲೀನರ ನಡೆನುಡಿಯನ್ನು ತೊಟ್ಟವನು ರಾಜ್ಯದ ಒಳಮನೆಗೆ ಹೋದನು. ೧೯೪೦ರ ಆದಿಯಲ್ಲಿ ಸೋವಿಯತ್ ಸೇವೆಯನ್ನು ಬಿಟ್ಟುಬಂದ ಕ್ರಿವಿಟ್‌ಸ್ಕಿ ಎಂಬವನನ್ನು, ಸಂಸ್ಥೆಯ ಮೊದಲ ಮಹಿಳಾ ಅಧಿಕಾರಿಯಾದ ಜೇನ್ ಆರ್ಚರ್ ಅವರು ಚಾತುರ್ಯದಿಂದ ವಿಚಾರಿಸಿ, ಸ್ಪೇನಿಗೆ ಹೋಗಿದ್ದ ತರುಣ ಪತ್ರಕರ್ತನೊಬ್ಬನ ಸುಳಿವನ್ನು ಪಡೆದರು. ಅದು ಫಿಲ್ಬಿಯ ಸುಳಿವೇ ಆಗಿದ್ದಿತು. ಆದರೆ ಅದರ ಬೆನ್ನುಹತ್ತಿದವರು ಯಾರೂ ಇಲ್ಲ. ಅದೇ ವರ್ಷದ ನವೆಂಬರಿನಲ್ಲಿ, ಮೇಲಧಿಕಾರಿಯನ್ನು ಖಂಡಿಸಿ ಮಾತನಾಡಿದ ಕಾರಣದಿಂದ, ಆಕೆಯನ್ನೇ ಕೆಲಸದಿಂದ ತೆಗೆದರು. ಕಾಗದದಲ್ಲಿ ಬರೆದದ್ದನ್ನು ಓದಬಲ್ಲ ಕಣ್ಣು ಮನಸ್ಸಿನಲ್ಲಿ ಬರೆದದ್ದನ್ನು ಓದಲಾರದು. ತನ್ನ ವರ್ಗದವನು ದ್ರೋಹ ಬಗೆಯಲಾರನೆಂಬ ನಂಬಿಕೆಯೇ ಆ ಕಣ್ಣಿನ ಕಾಮಾಲೆಯಾಯಿತು.

ಗುಣಗ್ರಹಣವನ್ನು ಮರೆಯುವುದು ವಿಮರ್ಶೆಯ ಧರ್ಮವಲ್ಲ. ಅದೇ ದಶಕಗಳಲ್ಲಿ ಜರ್ಮನಿ, ರಷ್ಯಗಳ ಗುಪ್ತಪೊಲೀಸರು ರಾತ್ರೋರಾತ್ರಿ ಜನರನ್ನು ಎಳೆದೊಯ್ದು ಕೊಲ್ಲುತ್ತಿದ್ದರು. ಕೆಲ್ ಅವರ ಪುಟ್ಟ ಕಚೇರಿಯನ್ನು ಅವುಗಳ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಹಿಟ್ಲರನನ್ನು ಓಲೈಸಿ ಫಲವಿಲ್ಲವೆಂದು ಲಂಡನ್ನಿನ ಜರ್ಮನ್ ರಾಯಭಾರಿಯ ಕಚೇರಿಯೊಳಗಿದ್ದ ಪುಟ್ಲಿಟ್ಸ್ ಎಂಬವನ ಮೂಲಕ ತಿಳಿದು ಮಂತ್ರಿಗಳನ್ನು ಎಚ್ಚರಿಸಿದ ಕೀರ್ತಿಯೂ ಅದಕ್ಕೆ ಸಲ್ಲತಕ್ಕದ್ದು. ಆದರೆ ಸ್ವದೇಶದಲ್ಲಿ ಸಂಯಮದಿಂದ ನಡೆದುಕೊಂಡ ರಾಜ್ಯವೇ ಪರಾಧೀನ ದೇಶದಲ್ಲಿ ಆ ತೆರೆದ ಕಾಗದಗಳನ್ನು ಹಿಡಿದು ಸಂಘ ಕಟ್ಟಿದವರನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿತೆಂಬುದನ್ನು ಮನೆಯೊಳಗಿಂದ ಬರೆದ ಇತಿಹಾಸವು ಒತ್ತಿ ಹೇಳಲಾರದು. ಕಡತದಲ್ಲಿ ಕಾಯುವವನ ಹಸ್ತಾಕ್ಷರವಿದೆ. ಕಾಯಲ್ಪಟ್ಟವನ ನಿಟ್ಟುಸಿರಿಗೆ ಅಲ್ಲಿ ಸ್ಥಳವಿಲ್ಲ.

ಆದಕಾರಣ ಆಂಡ್ರೂ ಅವರ ಗ್ರಂಥವನ್ನು ಓದಬಾರದೆಂದಲ್ಲ, ಅವಶ್ಯವಾಗಿ ಓದಬೇಕು. ಅದಕ್ಕಿಂತ ತುಂಬಿದ, ರಸವತ್ತಾದ ಇತಿಹಾಸವು ಈ ವಿಷಯದಲ್ಲಿ ಬೇರೊಂದಿಲ್ಲ. ಕರಿ ಅವರ ವರದಿಯನ್ನು ಅದರ ಎಡಕ್ಕೂ ಸ್ಪ್ರಾಟನ ಆತ್ಮಕಥೆಯನ್ನು ಅದರ ಬಲಕ್ಕೂ ಇಟ್ಟುಕೊಂಡು ಓದುವವನಿಗೆ ಮಾತ್ರ ಅದರ ಪೂರ್ಣಪ್ರಯೋಜನವು ದೊರೆತೀತು. ಇಂದು ಸ್ವತಂತ್ರವಾದ ಪ್ರತಿಯೊಂದು ದೇಶಕ್ಕೂ ತನ್ನ ತನ್ನ ಗೂಢಪುರುಷರಿದ್ದಾರೆ. ಅವರ ಇತಿಹಾಸಗಳೂ ಒಂದಲ್ಲ ಒಂದು ದಿನ ಬರೆಯಲ್ಪಡುವುವು. ಆಗ ಬರೆಯುವವರೂ ಓದುವವರೂ ಮೈಸೂರಿನಲ್ಲಿ ಬೆಳಕುಕಂಡ ಆ ಹಳೆಯ ಶಾಸ್ತ್ರದ ಒಂದು ನಿಯಮವನ್ನು ಮರೆಯದಿದ್ದರೆ ಸಾಕು. ಗುಟ್ಟಿನ ಮನೆಯಿಂದ ಬಂದ ಮಾತು ಎಷ್ಟೇ ಸತ್ಯವಾಗಿರಲಿ, ಇನ್ನಿಬ್ಬರ ಬಾಯಿಂದ ಕೇಳುವ ತನಕ ಅದು ಒಬ್ಬನ ಮಾತೇ.